ನೊಣಗಳಿಗೆ ಕಟ್ಟಿದ ಎತ್ತು

ಹೆಗಲ ಮೇಲೆ ಸದಾ ಹಗ್ಗವಿರುತ್ತಿದ್ದುದರಿಂದ ಅವನನ್ನು ಎಲ್ಲರೂ ಹಗ್ಗದಣ್ಣ ಎನ್ನುತ್ತಿದ್ದರು. ಔಷಧ ಪರೀಕ್ಷೆಗೆಂದು ಕಚ್ಚುವ ನೊಣಗಳನ್ನು ಸಾಕುವ ಕೇಂದ್ರದಲ್ಲಿ ಅವನಿಗಿದ್ದುದು ಒಂದೇ ಕೆಲಸ: ಬೂದ ಎಂಬ ಎತ್ತನ್ನು ಬಲೆ ಹಾಕಿದ ಕೋಣೆಯಲ್ಲಿ ಕಟ್ಟಿ, ಬೀಸದಂತೆ ಬಾಲವನ್ನೂ ಕಂಬಕ್ಕೆ ಬಿಗಿದು, ನೊಣಗಳ ಊಟಕ್ಕೆ ನಿಲ್ಲಿಸುವುದು.

ಈ ಜಾತಿಯ ನೊಣಕ್ಕೆ ಮುಂಗಾಲು ಇಷ್ಟ. ಮೊಣಕಾಲಿನ ಕೆಳಗೆ, ತಲೆ ಮೇಲೆ ಮಾಡಿ ಕೂತು, ಸೂಜಿಯಂಥ ಬಾಯಿಯನ್ನು ಚರ್ಮಕ್ಕೆ ಇಳಿಸುತ್ತದೆ. ಎತ್ತು ಕಾಲು ಬಡಿದರೆ ಹಾರಿ ಮತ್ತೆ ಅಲ್ಲಿಗೇ ಬರುತ್ತದೆ. ಹೊಟ್ಟೆ ಕೆಂಪಾಗಿ ಉಬ್ಬಿದ ಮೇಲೆ ಗೋಡೆಗೆ ಹೋಗಿ ಸುಮ್ಮನಾಗುತ್ತದೆ.

ಬರಬರುತ್ತಾ ಬೂದ ಕಾಲು ಬಡಿಯುವುದನ್ನೂ ಬಿಟ್ಟು ತಲೆ ತಗ್ಗಿಸಿ ನಿಲ್ಲತೊಡಗಿತು. ನೋಡಲಾರದೆ ಹಗ್ಗದಣ್ಣ ತನ್ನ ಮೊಣಕಾಲು ನೋವಿನ ಎಣ್ಣೆಯನ್ನು ಅದರ ಕಾಲಿಗೂ ತಿಕ್ಕಿದ. ಅವನ ಮೈಯಿಂದಲೇ ಸದಾ ಆ ಘಾಟು ಹೊಡೆಯುತ್ತಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ.

"ಏನ್ರೀ, ಬಾಟ್ಲಿ ಇಷ್ಟು ಬೇಗ ಖಾಲಿ? ನಿಮಗಿರೋದು ಎರಡೇ ಮೊಣಕಾಲು ತಾನೆ?" ಎಂದಳು ಹೆಂಡತಿ.

"ಈಗ ಆರಾಗಿದೆ ಕಣೆ."

ಘಾಟಿಗೆ ಎತ್ತಿನ ಹತ್ತಿರ ಸುಳಿಯದ ನೊಣಗಳು ಹಸಿವಿನಿಂದ ಸಾಯತೊಡಗಿದವು. ಕೇಂದ್ರದ ಮೇಡಂ ಹಗ್ಗದಣ್ಣನನ್ನು ಕರೆಸಿದರು. "ಈ ಎತ್ತು ನೊಣಕ್ಕೆ ಹಿಡಿಸ್ತಿಲ್ಲ. ನಾಳೆ ಕಸಾಯಿಖಾನೆ ಲಾರಿ ಬರುತ್ತೆ. ಬೇರೆ ಎತ್ತಿಗೆ ಹೇಳಿದೀನಿ."

"ಮೇಡಂ, ತಪ್ಪು ಅದರದ್ದಲ್ಲ, ನಂದು. ನಾನೇ ಎಣ್ಣೆ ಹಚ್ಚಿದ್ದೆ."

ಅವರು ದನಿ ಏರಿಸಲಿಲ್ಲ. "ಹಾಗಾದ್ರೆ ತೊಳೀರಿ. ಸಂಜೆ ನೊಣ ಬಿಡೋಣ. ಕೂತ್ರೆ ಇದು ಉಳಿಯುತ್ತೆ."

ಅವನು ಅದರ ಕಾಲುಗಳನ್ನು ಕೂದಲು ಉದುರುವಷ್ಟು ಸೋಪು ಹಾಕಿ ಉಜ್ಜಿದ. ಮೈ ತಿಕ್ಕಿಸಿಕೊಳ್ಳುವ ಸುಖದಲ್ಲಿ ಬೂದ ಅವನ ಕತ್ತು ನೆಕ್ಕಿತು.

ಸಂಜೆ ಒಂದು ನೊಣ ಮುಂಗಾಲಿನ ಮೇಲೆ ಇಳಿಯಿತು.

"ಕಚ್ಚು ಮಾರಾಯ್ತಿ, ಕಚ್ಚು," ಎಂದು ಹಗ್ಗದಣ್ಣ ಪಿಸುಗುಟ್ಟಿದ. ಎಷ್ಟು ತೊಳೆದರೂ ಚರ್ಮದಿಂದ ಘಾಟು ಹೋಗಿರಲಿಲ್ಲ; ನೊಣ ಎದ್ದು, ಸೋಪಿನಲ್ಲಿ ನೆನೆದು ಬೆಳ್ಳಗಾಗಿದ್ದ ಅವನ ಮಣಿಕಟ್ಟಿನ ಮೇಲೆ ಕೂತು ಕುಡಿಯಿತು. ಉಳಿದವು ಬಲೆಗೇ ಅಂಟಿಕೊಂಡಿದ್ದವು.

"ನಿಮ್ಮನ್ನೇ ಕಟ್ಟಬೇಕಾಗುತ್ತೆ ನೋಡಿ," ಎಂದು ಮೇಡಂ ನಕ್ಕು ದೀಪ ಆರಿಸಿದರು.

ಮರುದಿನ ಲಾರಿಯವರು ಎಳೆದರೂ ಬೂದ ಕದಲಲಿಲ್ಲ. ಹಗ್ಗದಣ್ಣ ಮುಂದೆ ನಡೆದ. ಅದು ಅವನ ಹಿಂದೆಯೇ ಹಲಗೆ ಹತ್ತಿತು.

ಬದಲಿಗೆ ಬಂದದ್ದು ಕೆಂಪು ಎತ್ತು, ಇನ್ನೂ ಎಳೆಯದು. ಹಗ್ಗದಣ್ಣ ಈಗ ತನ್ನ ಕಾಲಿಗೂ ಎಣ್ಣೆ ಮುಟ್ಟಿಸದೆ ಕುಂಟುತ್ತಾ ಬರುತ್ತಿದ್ದ. ಬಾಲವನ್ನು ಎಂದಿಗಿಂತ ಬಿಗಿಯಾಗಿ ಕಟ್ಟಿದ. ನೊಣ ಬಂದು ಕೂತಿತು. ಎತ್ತು ಬಡಿಯಲೆಂದು ಮುಂಗಾಲನ್ನು ಮೇಲೆತ್ತಿತು.

"ಕಚ್ಚಿಸ್ಕೋ ಮಗನೇ, ಸುಮ್ನೆ ಕಚ್ಚಿಸ್ಕೋ."

ಅವನು ನೋವಿನ ಮೊಣಕಾಲನ್ನು ನೆಲಕ್ಕೂರಿ, ಎತ್ತಿನ ಆ ಕಾಲನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದುಕೊಂಡ, ನೊಣದ ಹೊಟ್ಟೆ ತುಂಬುವವರೆಗೆ.