ಎರಡು ಮಂಡಿ, ಎರಡು ಬಾಟಲಿ

ನನ್ನ ಎರಡು ಮಂಡಿಗಳಲ್ಲಿ ಮೊದಲು ನೋಯಲು ಶುರುವಾದದ್ದು ಯಾವುದೆಂದು ಯಾರಾದರೂ ಕೇಳಿದರೆ ನಾನು ತಬ್ಬಿಬ್ಬಾಗುತ್ತೇನೆ. ಡಾಕ್ಟರು ಕೇಳಿದಾಗ ಬಲಗಾಲು ಎಂದೆ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಗೀತಾ ಎಡಗಾಲು ಎಂದಳು. ಡಾಕ್ಟರು ನನ್ನನ್ನು ಬಿಟ್ಟು, ಮುಂದಿನ ಪ್ರಶ್ನೆಗಳನ್ನೆಲ್ಲ ಅವಳಿಗೇ ಕೇಳಿದರು. ಭಾರತೀನಗರದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು ನಾನು. ಯಾರು ಏನು ಹೇಳಿದರೂ ಪುರಾವೆ ಕೇಳುವ ಚಟ ಉಂಟು. ಅಂಥವನಿಗೆ ತನ್ನ ಕಾಲಿನ ಬಗ್ಗೆಯೇ ಪುರಾವೆ ಇಲ್ಲದಿದ್ದರೆ ಆಗುವ ಅವಮಾನ ಸಣ್ಣದಲ್ಲ. ಡಾಕ್ಟರು ಕೊನೆಗೆ ಹೇಳಿದ್ದಿಷ್ಟು: ಸವೆತ, ಗಾಬರಿ ಬೇಡ, ತೊಡೆಯ ಸ್ನಾಯು ಗಟ್ಟಿ ಮಾಡಿಕೊಳ್ಳಿ. ನಾನು ಗಾಬರಿಯಾಗಲಿಲ್ಲ. ತೊಡೆಯನ್ನೂ ಗಟ್ಟಿ ಮಾಡಿಕೊಳ್ಳಲಿಲ್ಲ.

ಮಂಡ್ಯದ ಮನೆಯಲ್ಲಿ ಕುರ್ಚಿ, ಕಾಲೇಜಿನಲ್ಲಿ ಕುರ್ಚಿ, ನಡುವೆ ಬಸ್ಸಿನ ಸೀಟು. ಹೀಗೆ ಕುರ್ಚಿಯಿಂದ ಕುರ್ಚಿಗೆ ದಾಟುತ್ತಿರುವವರೆಗೆ ಮಂಡಿಯ ಯೋಚನೆ ಬರುವುದಿಲ್ಲ. ಬಂದದ್ದು ಆತಗೂರಿನಲ್ಲಿ, ಅಕ್ಕನ ಮನೆಯ ನೆಲದ ಮೇಲೆ ಊಟಕ್ಕೆ ಕೂತಾಗ. ಅಕ್ಕನ ಮಗಳು ಚಂದನಾಳ ಮದುವೆ ಗೊತ್ತಾದ ಸಂತೋಷಕ್ಕೆ ಮುದ್ದೆ, ಬಸ್ಸಾರು, ಮೇಲೊಂದು ಪಾಯಸ. ಉಂಡವರೆಲ್ಲ ಎದ್ದು ಕೈ ತೊಳೆದರು. ನಾನೊಬ್ಬ ಎಲೆಯ ಮುಂದೆ ಕೂತೇ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏನ್ಲಾ, ಮಂಡಿ ಇಡ್ಕತಾ?"

"ಇಲ್ಲ ಕಣಕ್ಕ, ಸುಮ್ನೆ ಕೂತಿದ್ದೆ."

"ಸುಮ್ಕಿರ್ಲಾ ಕಂಡಿವ್ನಿ. ಮಗೀನ ಮಂಟಪಕ್ಕೆ ಎತ್ಕಂಡೋಗ್ಬೇಕಾದ ಸೋದರಮಾವ ನೀನು. ಆಗಕಿಲ್ಲ ಅಂದ್ರೆ ಈಗ್ಲೇ ಏಳು. ಮಳವಳ್ಳಿ ಶಿವಣ್ಣಂಗೆ ಏಳ್ಬುಡ್ತೀನಿ."

ನಮ್ಮ ಕಡೆ ಹಕಾರಕ್ಕೆ ಮರ್ಯಾದೆ ಕಡಿಮೆ. 'ಹೇಳು' ಎಂಬುದೂ 'ಏಳು', ಎದ್ದು ನಿಲ್ಲು ಎಂಬುದೂ 'ಏಳು'. ಅಕ್ಕ ಕೇಳಿದ್ದು ಮೊದಲನೆಯದು. ನನ್ನಿಂದ ಆಗದೆ ಹೋದದ್ದು ಎರಡೂ.

ಶಿವಣ್ಣ ನಮ್ಮ ದೊಡ್ಡಪ್ಪನ ಮಗ. ಮಳವಳ್ಳಿಯಲ್ಲಿ ಸಿಮೆಂಟಿನ ಅಂಗಡಿ ಇಟ್ಟಿದ್ದಾನೆ. ಆಳು ಬರದ ದಿನ ಲಾರಿಯಿಂದ ಮೂಟೆಗಳನ್ನು ತಾನೇ ಇಳಿಸುತ್ತಾನೆ. ಅವನ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಆದರೆ ಚಂದನಾ ಡಿಗ್ರಿ ಓದಿದ್ದು ಮಂಡ್ಯದ ನಮ್ಮ ಮನೆಯಲ್ಲಿದ್ದುಕೊಂಡು. ಕಬಡ್ಡಿ ಆಡಿ ಅಂಗಿಯೆಲ್ಲ ಮಣ್ಣು ಮಾಡಿಕೊಂಡು ಬಂದು, ಬಾಗಿಲಲ್ಲೇ "ಮಾವ, ಗೆದ್ವಿ!" ಎಂದು ಕೂಗುತ್ತಿದ್ದವಳು. ಅವಳನ್ನು ಸಿಮೆಂಟಿನವನು ಎತ್ತಿಕೊಂಡು ಹೋಗುವುದನ್ನು ನಾನು ಕುರ್ಚಿಯಲ್ಲಿ ಕೂತು ನೋಡಬೇಕೆ? ಈಗ ಎಷ್ಟೋ ಮದುವೆಗಳಲ್ಲಿ ಮಾವಂದಿರು ಹೆಣ್ಣಿನ ಕೈಹಿಡಿದು ನಡೆಸಿಕೊಂಡು ಬರುತ್ತಾರೆ ನಿಜ. ಅಕ್ಕನ ಮುಂದೆ ಆ ಮಾತೆತ್ತುವ ಧೈರ್ಯ ಯಾರಿಗೂ ಇಲ್ಲ.

"ಬುಡವ್ವ," ಎಂದಳು ಚಂದನಾ, "ಮಾವನ ಕೈಲಿ ಆಗ್ನಿಲ್ಲ ಅಂದ್ರೆ ನಾನೇ ಮಾವನ್ನ ಎತ್ಕಂಡೋಯ್ತೀನಿ."

ಎಲ್ಲರೂ ನಕ್ಕರು. ಈಗ ಹೈಸ್ಕೂಲಿನಲ್ಲಿ ಆಟದ ಟೀಚರಾಗಿರುವ ಅವಳ ಮೈಕಟ್ಟು ನೋಡಿದರೆ ಅದು ಬರೀ ತಮಾಷೆಯ ಮಾತೂ ಆಗಿರಲಿಲ್ಲ. "ನಾನೇ ಎತ್ತುವುದು," ಎಂದೆ, ಕೂತಲ್ಲಿಂದಲೇ.

"ಅಂಗಾರೆ ಎಣ್ಣೆ ಆಕ್ಕಂಡು ನೀವಿಸ್ಕೋ," ಎಂದು ಅಕ್ಕ ಒಳಗೆ ಹೋದಳು.

ಇಲ್ಲೊಂದು ವ್ಯಾಕರಣದ ಮಾತು. ನಮ್ಮ ಮನೆಯಲ್ಲಿ ಯಾರೂ ಯಾರಿಗೂ 'ನೀವು' ಎಂದವರಲ್ಲ. ಅಜ್ಜನಿಗೂ ನೀನು, ದೇವರಿಗೂ ನೀನು. ಆ ಪದ ಕೇಳಿಬರುತ್ತಿದ್ದದ್ದು ಕೈಕಾಲು ಉಳುಕಿದಾಗ ಮಾತ್ರ: ಬೆನ್ನು ನೀವು, ಪಾದ ನೀವು. ಮೈಸೂರಿಗೆ ಓದಲು ಹೋದಾಗ ಮೇಷ್ಟರೊಬ್ಬರು "ನೀವು ಯಾವ ಊರು?" ಎಂದಿದ್ದಕ್ಕೆ ನಾನು ಹಿಂದೆ ಯಾರು ನಿಂತಿದ್ದಾರೆ ಎಂದು ತಿರುಗಿ ನೋಡಿದ್ದೆ. ಆಮೇಲೆ ಬಹುವಚನ ರೂಢಿಯಾಯಿತು, ಎಣ್ಣೆ ಬಿಟ್ಟುಹೋಯಿತು. ಮೇಷ್ಟರ 'ನೀವು' ಮೇಜಿನ ಆಚೆ ಕೂತು ಆಡಬಹುದಾದ ಮಾತು. ಅಕ್ಕನ 'ನೀವು' ಆಗಬೇಕಾದರೆ ಯಾರಾದರೂ ಹತ್ತಿರ ಬಂದು ಕಾಲು ಮುಟ್ಟಲೇಬೇಕು.

ಅವಳು ತಂದದ್ದು ಮನೆಯಲ್ಲೇ ಕಾಯಿಸಿದ ನೋವಿನೆಣ್ಣೆ. ಎಳ್ಳೆಣ್ಣೆಗೆ ಲಕ್ಕಿ ಸೊಪ್ಪು, ಬೆಳ್ಳುಳ್ಳಿ, ಒಣಶುಂಠಿ ಹಾಕಿ ಸಣ್ಣ ಉರಿಯಲ್ಲಿ ಕುದಿಸಿ, ಸೋಸಿ, ಕೊನೆಗೆ ಕರ್ಪೂರ ಕರಗಿಸಿದ್ದು. ವಾಸನೆ ಬಂದೊಡನೆ ನನ್ನೊಳಗಿನ ಸಂಶಯದ ಪ್ರಾಣಿ ಎದ್ದು ಕೂತಿತು.

"ಇದರಿಂದ ಏನೂ ಆಗಲ್ಲ ಕಣಕ್ಕ. ಚಿಕ್ಕವನಿದ್ದಾಗ ಯಲಿಯೂರು ಸ್ಟೇಷನ್ನಲ್ಲಿ ರೈಲಿಂದ ಇಳೀತಾ ಬಿದ್ದು ಕಾಲು ಉಳುಕಿತ್ತಲ್ಲ, ಅವ್ವ ಇದನ್ನೇ ಹಚ್ಚಿದ್ಲು. ತಿಂಗಳಾದ್ರೂ ವಾಸಿ ಆಗ್ಲಿಲ್ಲ."

"ಬಿದ್ದೋಳು ನಾನು ಕಣ್ಲಾ! ನೀನು ಬೆಂಚಿನ ಮ್ಯಾಲೆ ಕುಂತು ಕಳ್ಳೆಕಾಯಿ ತಿಂತಿದ್ದೆ." ಸೀರೆಯ ಅಂಚು ತುಸು ಎತ್ತಿ, ಹಿಮ್ಮಡಿಯ ಮೇಲಿದ್ದ ಹಳೆಯ ಗಾಯದ ಕಲೆ ತೋರಿಸಿದಳು. "ಅದ್ನೈದೇ ದಿನಕ್ಕೆ ಓಡಾಡ್ದೆ."

ನೋವು ನನಗೆ ಸ್ಪಷ್ಟವಾಗಿ ನೆನಪಿತ್ತು. ಕಲೆ ಮಾತ್ರ ಅವಳ ಕಾಲಲ್ಲಿತ್ತು. ಇಷ್ಟು ವರ್ಷ ಎಣ್ಣೆಯ ವಿರುದ್ಧ ನಾನು ಹೇಳಿಕೊಂಡು ಬಂದಿದ್ದ ಏಕೈಕ ಅನುಭವ ಬೇರೆಯವರದಾಗಿತ್ತು. ಇನ್ನು ನೆನಪನ್ನು ನಂಬಿ ಪ್ರಯೋಜನವಿಲ್ಲ, ಪ್ರಯೋಗವನ್ನೇ ಮಾಡಬೇಕು ಎಂದು ಅಲ್ಲೇ ನಿರ್ಧರಿಸಿದೆ.

ಮಂಡ್ಯಕ್ಕೆ ಬಂದವನೇ ಗೀತಾಳ ಕೈಗೆ ಒಂದೇ ಥರದ ಎರಡು ಖಾಲಿ ಬಾಟಲಿ ಕೊಟ್ಟೆ. ಅವಳೇ ಒಂದರಲ್ಲಿ ಅಕ್ಕನ ಎಣ್ಣೆ, ಇನ್ನೊಂದರಲ್ಲಿ ಬರೀ ಎಳ್ಳೆಣ್ಣೆ ತುಂಬಿದಳು. ವಾಸನೆಯಿಂದ ಪತ್ತೆಯಾಗದಿರಲೆಂದು ಬರೀ ಎಣ್ಣೆಗೂ ಕರ್ಪೂರ, ಬೆಳ್ಳುಳ್ಳಿ ಹಾಕಿಸಿದೆ. ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಹಸಿರು. ಯಾವುದರಲ್ಲಿ ಏನಿದೆ ಎಂಬುದು ಅವಳಿಗೆ ಮಾತ್ರ ಗೊತ್ತು. ಕೆಂಪು ಬಲಮಂಡಿಗೆ, ಹಸಿರು ಎಡಮಂಡಿಗೆ. ಎರಡೂ ಮಂಡಿ ಒಬ್ಬನದೇ. ಊಟ, ನಿದ್ದೆ, ವಯಸ್ಸು ಎಲ್ಲ ಸಮ. ಇಷ್ಟು ಅಚ್ಚುಕಟ್ಟಾದ ಪ್ರಯೋಗವನ್ನು ನನ್ನ ವಿದ್ಯಾರ್ಥಿಗಳು ಕನಸಿನಲ್ಲೂ ಕಂಡಿರಲಾರರು ಎಂದುಕೊಂಡೆ.

ಜೊತೆಗೆ ಡಾಕ್ಟರ ಮಾತೂ ನೆನಪಾಗಿ, ದಿನಾ ಬೆಳಿಗ್ಗೆ ಗೋಡೆಗೆ ಬೆನ್ನು ಕೊಟ್ಟು ಕೂತು ಏಳತೊಡಗಿದೆ. ಎಣ್ಣೆ ಹಚ್ಚಿ ನೀವಿಕೊಂಡ ಮೇಲೆ ಅಕ್ಕಿ ಮೂಟೆಯನ್ನು ತೋಳುಗಳಲ್ಲಿ ಎತ್ತಿಕೊಂಡು ಹಾಲಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೆ. "ಮೂಟೆಗೆ ಸೀರೆ ಉಡಿಸಲೇನ್ರೀ?" ಎಂದು ಗೀತಾ ಕೇಳಿದಳು. ನಾನು ನಗಲಿಲ್ಲ. ನಕ್ಕರೆ ಹಿಡಿತ ತಪ್ಪುತ್ತಿತ್ತು.

ನೋವು ನಿಧಾನವಾಗಿ ಕಡಿಮೆಯಾಯಿತು. ಎರಡರಲ್ಲೂ. ಅದೇ ನನ್ನನ್ನು ಕೆಣಕಿತು. ಹೋಗಿ ಬಾಟಲಿ ನೋಡಿದರೆ ಎರಡರಲ್ಲೂ ಎಣ್ಣೆ ಒಂದೇ ಮಟ್ಟಕ್ಕಿತ್ತು, ಮೊದಲು ತುಸು ಬೇರೆಯಾಗಿದ್ದ ಬಣ್ಣವೂ ಈಗ ಒಂದೇ.

"ಏನಾಯ್ತು ಇದಕ್ಕೆ?"

"ಮೊನ್ನೆ ನೋಡಿದ್ರೆ ಕೆಂಪುದಾರದ್ದು ತಳ ಕಂಡಿತ್ತು, ಹಸಿರುದಾರದ್ದು ಮುಟ್ಟೇ ಇರಲಿಲ್ಲ. ನೀವು ಎರಡು ಕಾಲಿಗೂ ಒಂದನ್ನೇ ಹಚ್ಚಿದ್ರಿ ಕಣ್ರೀ. ಅದಕ್ಕೇ ಎರಡನ್ನೂ ಬೆರೆಸಿ ಸಮ ಮಾಡಿಟ್ಟೆ."

"ಕೆಂಪು ದಾರದಲ್ಲಿ ಇದ್ದದ್ದು ಯಾವ ಎಣ್ಣೆ?"

ಗೀತಾ ಯೋಚಿಸಿದಳು. "ಅಕ್ಕಂದು. ಇಲ್ಲ ಇರಿ... ನಿಮ್ಮ ಜೊತೆ ಇದ್ದೂ ಇದ್ದೂ ನಂಗೂ ಮರೆವು."

ಅಲ್ಲಿಗೆ ವಿಜ್ಞಾನ ಮುಗಿಯಿತು. ಎಣ್ಣೆಯೋ, ನೀವಿದ್ದೋ, ಕೂತು ಎದ್ದದ್ದೋ, ಅಕ್ಕಿ ಮೂಟೆಯೋ, ಅಥವಾ ಶಿವಣ್ಣನ ಮೇಲಿನ ಹೊಟ್ಟೆಕಿಚ್ಚೋ, ಕಾರಣ ಯಾವುದೆಂದು ಬೇರ್ಪಡಿಸುವ ಸೂತ್ರ ನನ್ನ ಬಳಿ ಇರಲಿಲ್ಲ. ಪ್ರಯೋಗ ಕೆಟ್ಟರೂ ಮಂಡಿ ಕೆಟ್ಟಿಲ್ಲವಲ್ಲ ಎಂದು, ಬೆರೆತ ಎಣ್ಣೆಯನ್ನೇ ಮದುವೆಯ ಬೆಳಗಿನವರೆಗೂ ಬಿಡದೆ ಹಚ್ಚಿದೆ.

ಮದುವೆ ಮದ್ದೂರಿನ ಛತ್ರದಲ್ಲಿ. ಶಿವಣ್ಣ ಗರಿಗರಿ ಪಂಚೆ ಉಟ್ಟು ನನ್ನ ಪಕ್ಕದಲ್ಲೇ ಬಂದು ನಿಂತ. "ಕಷ್ಟ ಆದ್ರೆ ಕಣ್ಸನ್ನೆ ಮಾಡ್ಲಾ, ಇಸ್ಕತೀನಿ," ಎಂದ. ಅವನ ದನಿಯಲ್ಲಿ ಕೊಂಕಿರಲಿಲ್ಲ. ಅದು ಇನ್ನೂ ಕಷ್ಟ.

ಚಂದನಾ ನನ್ನ ಕುತ್ತಿಗೆಗೆ ಕೈ ಬಳಸಿದಳು. ಉಸಿರು ಬಿಗಿಹಿಡಿದು ಎತ್ತಿದೆ. ಅಕ್ಕಿ ಮೂಟೆಗೆ ಒಡವೆ, ರೇಷ್ಮೆ ಸೀರೆ, ಹೂವಿನ ಹಾರದ ಭಾರ ಇರಲಿಲ್ಲ. ಮೂಟೆ ಮಾತನಾಡುತ್ತಲೂ ಇರಲಿಲ್ಲ. ಅರ್ಧ ದಾರಿಯಲ್ಲಿ ಯಾವುದೋ ಒಂದು ಮಂಡಿ ಚಳಕ್ ಎಂದಿತು.

"ಮಾವ, ಇಳ್ಸ್ಬುಡು," ಎಂದು ಕಿವಿಯಲ್ಲಿ ಪಿಸುಗುಟ್ಟಿದಳು. "ನಡ್ಕಂಡ್ ಬತ್ತೀನಿ. ಯಾರೂ ಏನೂ ಅನ್ನಕಿಲ್ಲ."

"ಸುಮ್ನಿರವ್ವ," ಎಂದು ಮುಂದಿನ ಹೆಜ್ಜೆ ಇಟ್ಟೆ. ಅದರ ಮುಂದಿನದನ್ನೂ ಇಟ್ಟೆ. ಮಂಟಪ ಬಂತು.

ನನ್ನ ತಯಾರಿಯ ತಪ್ಪು ಆಗ ಗೊತ್ತಾಯಿತು. ಮೂಟೆಯನ್ನು ಎತ್ತುವುದು, ಹೊತ್ತು ನಡೆಯುವುದು ಎಲ್ಲ ಅಭ್ಯಾಸವಾಗಿತ್ತು. ಕೊನೆಗೆ ಮಾತ್ರ ದಿನಾ ಅದನ್ನು ಮಂಚದ ಮೇಲೆ ದೊಪ್ಪನೆ ಬಿಡುತ್ತಿದ್ದೆ. ಮೆಲ್ಲಗೆ ಇಳಿಸುವುದನ್ನು ಒಮ್ಮೆಯೂ ಕಲಿತಿರಲಿಲ್ಲ. ಮಂಡಿ ಸವೆದವರನ್ನು ಕೇಳಿ ನೋಡಿ, ಮೆಟ್ಟಿಲು ಹತ್ತುವುದು ಹೇಗೋ ಆಗುತ್ತದೆ, ಇಳಿಯುವುದೇ ಕಷ್ಟ. ಎದುರಿಗೆ ಗಂಡು ಹಾರ ಹಿಡಿದು ಕಾಯುತ್ತಿದ್ದ. ನಾನು ಅವಳನ್ನು ಎತ್ತಿಕೊಂಡು ಹಾಗೆಯೇ ನಿಂತಿದ್ದೆ.

"ಇಳ್ಸ್ಲಾ, ಮೂರ್ತ ಮೀರ್ತದೆ," ಎಂದಳು ಅಕ್ಕ ಹಿಂದಿನಿಂದ.

ಮಂಡಿ ಬಗ್ಗಿಸಿ, ಎಷ್ಟು ಮೆಲ್ಲಗೆ ಸಾಧ್ಯವೋ ಅಷ್ಟು ಮೆಲ್ಲಗೆ ಇಳಿಸಿದೆ. ಅವಳ ಕಾಲು ನೆಲಕ್ಕೆ ತಾಗಿದ ಮೇಲೂ ನನ್ನ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು. ತಡವಾದದ್ದು ಮಂಡಿ ಹಿಡಿದುಕೊಂಡಿದ್ದರಿಂದ ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ವಯಸ್ಸಾಗುತ್ತ ಬಂದ ಗಂಡಸರಿಗೆ ಮಂಡಿನೋವು ಇಂಥ ಹೊತ್ತಿನಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.