ಮೂರು ವಾರದ ಮೇಲೆ ಅದೇ ಉತ್ತರ

ಹೊಸದಾಗಿ ಅಚ್ಚಾದ ಕಾಗದದ ವಾಸನೆ ನನಗೆ ಮೊದಲಿನಿಂದಲೂ ಇಷ್ಟ. ಪಠ್ಯಪುಸ್ತಕದ ಕಟ್ಟು ಬಿಚ್ಚಿದ ದಿನ ಮಕ್ಕಳಿಗಿಂತ ಮೊದಲು ಮೂಸಿ ನೋಡುವವಳು ನಾನೇ. ಮೊನ್ನೆ ಸೋಮವಾರ ಮಾತ್ರ ಆ ವಾಸನೆಯೇ ಬೇಡವೆನಿಸಿತು. ರಾಯಲ್ಪಾಡಿನ ನಮ್ಮ ಶಾಲೆಗೆ ಬಂದ ಮಾವಿನ ತೋಟದ ನಾರಾಯಣಪ್ಪ, ಹತ್ತನೇ ತರಗತಿ ಮುಗಿಸಿದ ಮಗಳು ಮಂಜುಳಾಳ ಆಸಕ್ತಿ ಪರೀಕ್ಷೆಯ ಫಲಿತಾಂಶದ ಚೀಟಿಯನ್ನು, ಅಚ್ಚಿನ ವಾಸನೆ ಆರುವ ಮೊದಲೇ, ನನ್ನ ಮುಂದಿಟ್ಟ. ವಿಜ್ಞಾನದಲ್ಲಿ ಆಸಕ್ತಿ ಕಡಿಮೆ, ಹೊಲಿಗೆ ತರಬೇತಿ ಸೂಕ್ತ ಎಂದಿತ್ತು. ಹುಡುಗಿ ಸೈನ್ಸೇ ಬೇಕೆಂದು ಊಟ ಬಿಟ್ಟಿದ್ದಾಳಂತೆ. ಕಾಲೇಜಿನ ಅರ್ಜಿಗೆ ಮರುದಿನವೇ ಕೊನೆ. ಚೀಟಿ ಸರಿಯಾಗಿದೆ ಎಂದು ನಾನೊಂದು ಸಹಿ ಹಾಕಿಬಿಟ್ಟರೆ ಮನೆಯಲ್ಲಿ ಜಗಳ ಮುಗಿಯುತ್ತದೆ ಎಂದ.

ಆ ಪರೀಕ್ಷೆ ನನಗೆ ಹಳೇ ಪರಿಚಯ. ಕೆಲವು ವರ್ಷಗಳ ಹಿಂದೆ ಅದನ್ನು ತಯಾರಿಸುತ್ತಿದ್ದಾಗ, ನಂಬಬಹುದೋ ಇಲ್ಲವೋ ನೋಡಲು ಕೋಲಾರದಿಂದ ಒಬ್ಬಾಕೆ ನಮ್ಮ ಶಾಲೆಗೆ ಬಂದಿದ್ದರು. ಮಕ್ಕಳಿಗೆ ಒಮ್ಮೆ ಪ್ರಶ್ನೆಗಳನ್ನು ಕೊಡುವುದು, ಮೂರು ವಾರ ಬಿಟ್ಟು ಅವನ್ನೇ ಮತ್ತೆ ಕೊಡುವುದು. ಉತ್ತರ ಹೆಚ್ಚುಕಡಿಮೆ ಅದೇ ಬಂದರೆ ಪ್ರಶ್ನೆಗಳು ಗಟ್ಟಿ, ಬರದಿದ್ದರೆ ತಿದ್ದಬೇಕು. ಏನನ್ನೂ ಹೇಳಿಕೊಡಬೇಡಿ ಎಂದು ಎರಡೆರಡು ಸಲ ಹೇಳಿ ಹೋದರು. ಹೇಳಿಕೊಡದೆ ಕೂರುವುದು ಮೇಷ್ಟರ ಜಾತಿಗೆ ಎಷ್ಟು ಕಷ್ಟ ಎಂಬುದು ಪಾಪ, ಅವರಿಗೆ ಗೊತ್ತಿರಲಿಲ್ಲ.

ಎರಡನೇ ಸಲ ಹಾಳೆ ಹಂಚಿದಾಗ ಮಕ್ಕಳು ಹೆದರಿಬಿಟ್ಟರು. ಮೊದಲು ಬರೆದದ್ದು ತಪ್ಪಾಗಿರಬೇಕು, ಅದಕ್ಕೇ ಮತ್ತೆ ಕೊಟ್ಟಿದ್ದಾರೆ ಎಂದುಕೊಂಡರು. ನಿಜ ಹೇಳಬೇಕೆಂದರೆ ಅವರಿಗಿಂತ ನಾನು ಹೆದರಿದ್ದೆ. ನಮ್ಮ ಶಾಲೆಗೆ ಕೆಟ್ಟ ಹೆಸರು ಬಂದರೆ? ಮುಂದಿನ ಬೆಂಚಿನ ರೂಪಾ ಎದ್ದು ನಿಂತಳು.

"ಟೀಚರ್, ಯಂತ್ರ ಬಿಚ್ಚೋದು ಇಷ್ಟ ಇಲ್ಲ ಅಂತ ಹಾಕಿದ್ದೆ ಹೋದ್ಸಲ. ಆಮೇಲೆ ನಮ್ಮಪ್ಪನ ಜೊತೆ ಮೋಟ್ರು ಬಿಚ್ಚಿದೆ. ಈಗ ಇಷ್ಟ."

"ಹೋದ್ಸಲ ಹಾಕಿದ್ದನ್ನೇ ಹಾಕಮ್ಮ," ಎಂದೆ. ಆಮೇಲೆ ಇಡೀ ತರಗತಿಗೂ ಅದನ್ನೇ ಹೇಳಿದೆ. ನೆನಪಿಲ್ಲದವರಿಗೆ ಪಕ್ಕದವರು ನೆನಪಿಸಿದರು. ನಮ್ಮ ಶಾಲೆಯ ಉತ್ತರಗಳು ಬಹಳ ಸ್ಥಿರವಾಗಿವೆ ಎಂದು ಕೋಲಾರದಾಕೆ ಫೋನು ಮಾಡಿ ಹೊಗಳಿದಾಗ ನಾನು ಎರಡು ದಿನ ಬೀಗಿದ್ದೂ ಉಂಟು.

ಒಂದನ್ನೂ ತಿದ್ದದೆ ಅದೇ ಪ್ರಶ್ನೆಗಳು ಈಗ ಅಚ್ಚಾಗಿ ಊರೂರು ತಿರುಗುತ್ತಿವೆ. ಬೇರೆ ಶಾಲೆಗಳಲ್ಲೂ ಎರಡೆರಡು ಸಲ ಕೊಟ್ಟು ನೋಡಿರುತ್ತಾರಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅಲ್ಲಿದ್ದವರೂ ನನ್ನಂಥ ಮೇಷ್ಟರೇ ಆಗಿದ್ದರೆ? ಈ ಯೋಚನೆ ಒಮ್ಮೆ ತಲೆಗೆ ಹೊಕ್ಕರೆ, ಅನ್ನಕ್ಕೆ ಇಟ್ಟ ನೀರು ಬತ್ತಿಹೋದರೂ ತಿಳಿಯುವುದಿಲ್ಲ ನೋಡಿ.

ನಾರಾಯಣಪ್ಪ ಪೆನ್ನು ಚಾಚಿಕೊಂಡೇ ನಿಂತಿದ್ದ. ಸಹಿ ಹಾಕಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಆದರೂ ನಡೆದದ್ದನ್ನೆಲ್ಲ ಹೇಳಿದೆ. ಅವನು ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಅಂಗಾದ್ರೆ, ನೀವು ಹೇಳ್ಕೊಟ್ಟು ಪಾಸ್ ಮಾಡ್ಸಿದ್ ಪರೀಕ್ಷೇಲಿ ನನ್ ಮಗಳು ಫೇಲಾದ್ಲಾ ಮೇಡಂ?"

ಕೋಪದಿಂದ ಕೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ ಕೇಳಿದ. ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಹೊರಟ.

ಆ ಸಂಜೆಯೇ ಕೋಲಾರಕ್ಕೆ ಕಾಗದ ಬರೆದೆ. ನನ್ನ ಹೆಸರು, ಶಾಲೆಯ ಹೆಸರು, ನಾನು ಹೇಳಿದ ಮಾತು, ಒಂದನ್ನೂ ಬಿಡಲಿಲ್ಲ. ಮರುದಿನ ಶ್ರೀನಿವಾಸಪುರದ ಬಸ್ಸಿಗೆ ಅಪ್ಪ ಮಗಳು ನಿಂತಿದ್ದರು. ಯಾವುದಕ್ಕೆ ಅರ್ಜಿ ಎಂದು ನಾನು ಕೇಳುವ ಮೊದಲೇ ಮಂಜುಳಾ ತಾನಾಗಿಯೇ ಹೇಳಿದಳು: "ಸೈನ್ಸು, ಟೀಚರ್." ನಾರಾಯಣಪ್ಪ ರಸ್ತೆಯ ಕಡೆ ನೋಡುತ್ತಿದ್ದ.

ಕೋಲಾರದಿಂದ ಇನ್ನೂ ಉತ್ತರ ಬಂದಿಲ್ಲ. ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಕೋಲಾರದಾಕೆಯೇ ಇರಬೇಕೆಂದು ಹೆದರಿಕೆಯಾಗುತ್ತದೆ. ಆದರೂ ಪ್ರತಿ ಸಲ ಎತ್ತುತ್ತಿದ್ದೇನೆ.