ಅತ್ತೆಯನ್ನು ಕೇಳಿದವರು

ಶಿಕಾರಿಪುರದಲ್ಲಿ ಜಮೀನಿನ ಕಾಗದ ಬರೆದುಕೊಡುತ್ತಿದ್ದ ಆ ಪತ್ರ ಬರಹಗಾರರ ಮುಖ ನನಗೆ ಸರಿಯಾಗಿ ನೆನಪಿಲ್ಲ. ಕನ್ನಡಕವಿತ್ತು ಎಂದು ಬರೆದರೆ ಅದನ್ನು ನಾನೇ ತೊಡಿಸಿದ್ದಿರಬಹುದು. ಶಾಯಿ ಪ್ಯಾಡಿನ ಮೇಲೆ ಅಂಗೈ ಮುಚ್ಚಿ, "ನಿಮ್ಮ ಬಾಯಿಂದ ಹೇಳ್ರಿ, ಇದ್ರಾಗೆ ಏನೈತಿ?" ಎನ್ನುತ್ತಿದ್ದುದು ಮಾತ್ರ ಖಚಿತ. ಹೇಳುವವರೆಗೆ ಯಾರ ಹೆಬ್ಬೆಟ್ಟಿಗೂ ಶಾಯಿ ಸಿಗುತ್ತಿರಲಿಲ್ಲ.

ತೊಂಬತ್ತರ ದಶಕದ ಆರಂಭ, ನಾನಾಗ ಎಂ.ಎ. ಓದುತ್ತಿದ್ದೆ. ಬುದ್ಧಿ ನಿಧಾನವಿದ್ದ ನನ್ನ ಸೋದರತ್ತೆಯ ಪಾಲನ್ನು ತನ್ನ ಹೆಸರಿಗೆ ಬರೆಸಿಕೊಳ್ಳಲು ಅಪ್ಪ ಅವಳನ್ನು ಅಲ್ಲಿಗೆ ಕರೆತಂದಿದ್ದ.

"ಅಕಿಗೇನ್ ತಿಳೀತದ್ರೀ? ಒತ್ತಿಸ್ರಿ," ಎಂದ ಅಪ್ಪ.

"ನೀವು ಒಂದ್ ಚಾ ಕುಡ್ದು ಬರ್ರಿ ಯಜಮಾನ್ರೇ."

ನಾನು ಅಲ್ಲೇ ಉಳಿದೆ. ಅವರು ಮೇಜಿನ ಮೇಲೆ ಸೀಮೆಸುಣ್ಣದಿಂದ ಹೊಲ, ಬಾವಿ, ಹುಣಸೆಮರ ಬರೆದು ತೋರಿಸಿದರು. "ಇವೆಲ್ಲ ಅಣ್ಣಗೆ ಹೋಗ್ತಾವವ್ವ. ಒಪ್ಪಿಗೆ ಐತೇನು?"

ಅತ್ತೆ ಬಹಳ ಹೊತ್ತು ನೋಡಿದಳು. ಅವರು ಕಾದರು.

"ಹೊಲ, ಬಾವಿ ಅಣ್ಣ ತಗಳ್ಳಿ. ಮರ ನಂದು."

ಅವರು ಬರೆದಿಟ್ಟಿದ್ದ ಕಾಗದ ಹರಿದು ಹೊಸದು ಬರೆಯಲು ಕೂತರು. ತಿರುಗಿ ಬಂದ ಅಪ್ಪ ಗೊಣಗಿದ: "ಅಕಿ ಮಾತು ಕೇಳಿ ಕೆಲಸ ಕೆಡಿಸಿದ್ರಿ."

"ಕೇಳಿದ್ದಕ್ಕೆ ಉತ್ತರ ಬಂತಲ್ರೀ," ಎಂದರು, ತಲೆ ಎತ್ತದೆ.

ಮರ ಅತ್ತೆಗೇ ಉಳಿಯಿತು. ಅವಳನ್ನು ಏನಾದರೂ ಕೇಳುವ ರೂಢಿ ಮಾತ್ರ ನಮ್ಮ ಮನೆಗೆ ಬರಲಿಲ್ಲ, ನನಗೂ ಬರಲಿಲ್ಲ. ಆಮೇಲೆ ಎಷ್ಟೋ ದಿನ, ನಾನು ಶಿಕಾರಿಪುರಕ್ಕೆ ಹೊರಟಾಗಲೆಲ್ಲ ಅತ್ತೆ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು ಬಾಗಿಲಲ್ಲಿ ನಿಂತಿರುತ್ತಿದ್ದಳು.

"ಇವತ್ತೂ ಅವ್ರು ನನ್ನ ಕೇಳ್ತಾರೇನಪ್ಪಾ?"